ಕಾನೂನು ಓದಲು ಎರಡು-ಮೂರು ಕಡೆ ಸೀಟು ಸಿಕ್ಕಾಗ: ಕಲಬುರಗಿ, ಬೀದರ್, ಯಾದಗಿರಿ ವಿದ್ಯಾರ್ಥಿಗಳು ಆಯ್ಕೆ ಮಾಡುವ ಬಗೆ

ಬೇಸಿಗೆ ಮುಗಿಯುವ ಹೊತ್ತಿಗೆ ವಕೀಲಿ ಓದಬೇಕೆಂದಿರುವವರ ಮನೆಯಲ್ಲಿ ಮೂರು ಬಗೆಯ ಕಾಗದ ಬಂದಿರುತ್ತವೆ. ಬೆಂಗಳೂರಿನದೋ ಹೈದರಾಬಾದಿನದೋ ಖಾಸಗಿ ವಿಶ್ವವಿದ್ಯಾಲಯದ ಆಫರ್ ಲೆಟರ್ ಒಂದು. ಕ್ಲಾಟ್, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ, ಬರೆದಿದ್ದರೆ ದೂರದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಸೀಟು ಇನ್ನೊಂದು. ಪಿಯುಸಿ ಅಂಕದ ಮೇಲೆ ಊರಿನ ಕಾಲೇಜಿನಲ್ಲೋ ಹುಬ್ಬಳ್ಳಿಯಲ್ಲೋ ಸಿಗುವ ಸೀಟು ಮೂರನೆಯದು. ಹೆಸರು ದೊಡ್ಡದು ಎಂದು ಒಂದಕ್ಕೆ ದುಡ್ಡು ಕಟ್ಟುವವರಿದ್ದಾರೆ, ಮನೆ ಹತ್ತಿರ ಎಂದು ಇನ್ನೊಂದಕ್ಕೆ ಸೇರುವವರಿದ್ದಾರೆ. ಎರಡೂ ಅರ್ಧ ಲೆಕ್ಕವೇ. ಪದವಿ ಮುಗಿದ ಮೇಲಿನ ಮೊದಲ ಮೂರು ವರ್ಷ ಯಾವ ಊರಿನಲ್ಲಿ, ಯಾರ ಕೈಕೆಳಗೆ, ಎಷ್ಟು ಸಾಲ ಹೊತ್ತು ಕೆಲಸ ಮಾಡುತ್ತೀರಿ ಎಂಬುದನ್ನು ಮೊದಲು ಬರೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಬಂದರೆ ಯಾವ ಸೀಟು ನಿಮ್ಮದು ಎಂಬುದು ಬಹುಮಟ್ಟಿಗೆ ತಾನೇ ತಿಳಿಯುತ್ತದೆ.

ಮೊದಲು ಕಾಗದ ಓದಿ

ಪ್ರತಿ ಆಫರ್ ಲೆಟರನ್ನೂ ಪ್ರಿಂಟ್ ತೆಗೆದು ಐದು ಸಂಗತಿಗಳಿಗೆ ಗೆರೆ ಎಳೆಯಿರಿ: ಕೋರ್ಸಿನ ಪೂರ್ತಿ ಹೆಸರು, ಸೀಟಿನ ಬಗೆ, ಈಗ ಕಟ್ಟಬೇಕಾದ ಮೊತ್ತ, ಕೊನೆಯ ದಿನಾಂಕ, ಷರತ್ತು. ಷರತ್ತನ್ನು ಹೆಚ್ಚಿನವರು ಓದುವುದೇ ಇಲ್ಲ. ಫಲಿತಾಂಶಕ್ಕೆ ಮುಂಚೆ ಬಂದ ಆಫರ್ ಯಾವಾಗಲೂ ತಾತ್ಕಾಲಿಕವೇ. ಐದು ವರ್ಷದ ಕೋರ್ಸಿಗೆ, ಕಾನೂನು ಶಿಕ್ಷಣದ ಮಟ್ಟ ನೋಡಿಕೊಳ್ಳುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮದಂತೆ ಪಿಯುಸಿಯಲ್ಲಿ ಸಾಮಾನ್ಯ ವರ್ಗಕ್ಕೆ ಕನಿಷ್ಠ 45%, ಹಿಂದುಳಿದ ವರ್ಗಕ್ಕೆ 42%, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 40% ಅಂಕ ಬೇಕು. ಕೆಲವು ವಿಶ್ವವಿದ್ಯಾಲಯಗಳು ಇದಕ್ಕಿಂತ ಹೆಚ್ಚು ಕೇಳುತ್ತವೆ. ಸ್ಕಾಲರ್‌ಶಿಪ್ ಕೊಡುತ್ತೇವೆ ಎಂದು ಬರೆದಿದ್ದರೆ, ಎರಡನೇ ವರ್ಷಕ್ಕೂ ಅದು ಮುಂದುವರಿಯಲು ಎಷ್ಟು ಅಂಕ ಬೇಕು ಎಂಬ ಸಾಲನ್ನು ಹುಡುಕಿ. ಆ ಸಾಲು ಇಲ್ಲದಿದ್ದರೆ ಬರವಣಿಗೆಯಲ್ಲಿ ಕೇಳಿ. ಮೊದಲ ವರ್ಷ ಅರ್ಧ ಫೀಸು, ಮುಂದಿನ ನಾಲ್ಕು ವರ್ಷ ಪೂರ್ತಿ ಫೀಸು ಎಂಬ ಆಫರನ್ನು ಅರ್ಧ ಫೀಸಿನ ಸೀಟು ಎಂದುಕೊಂಡು ಸೇರಿದ ಮನೆಗಳು ಎರಡನೇ ವರ್ಷ ಕಂಗಾಲಾಗುತ್ತವೆ.

ಕೋರ್ಸಿನ ಹೆಸರು ಯಾಕೆ ಮುಖ್ಯವೆಂದರೆ, ಬಾರ್ ಕೌನ್ಸಿಲ್ ಅನುಮತಿ ಕಾಲೇಜಿಗೆ ಒಟ್ಟಾಗಿ ಸಿಗುವುದಲ್ಲ. ಇಂಥ ಕೋರ್ಸಿಗೆ, ಇಷ್ಟು ವಿಭಾಗಕ್ಕೆ (ಸೆಕ್ಷನ್), ಇಂಥ ವರ್ಷದ ತನಕ ಎಂದು ಸಿಗುತ್ತದೆ. ಒಂದು ವಿಭಾಗಕ್ಕೆ 60 ವಿದ್ಯಾರ್ಥಿಗಳು. ಬಿಎ ಎಲ್‌ಎಲ್‌ಬಿಗೆ ಅನುಮತಿ ಇರುವ ಕಾಲೇಜಿಗೆ ಬಿಬಿಎ ಎಲ್‌ಎಲ್‌ಬಿಗೂ ಇರುತ್ತದೆಂದು ತಿಳಿಯಬೇಡಿ. ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಅನುಮತಿ ಪಡೆದ ಕಾಲೇಜುಗಳ ಪಟ್ಟಿ ಇದೆ. ಅದರಲ್ಲಿ ಹೆಸರು ನೋಡಿದ ಮೇಲೂ ಕಾಲೇಜಿನ ಕಚೇರಿಯಲ್ಲಿ ಅನುಮತಿ ಪತ್ರದ ಪ್ರತಿ ಕೇಳಿ, ಯಾವ ವರ್ಷದ ತನಕ ಎಂದು ಓದಿ. 'ನವೀಕರಣಕ್ಕೆ ಹಾಕಿದ್ದೇವೆ' ಎಂಬ ಉತ್ತರ ಬಂದರೆ, ಅರ್ಜಿ ಹಾಕಿದ ದಿನಾಂಕ ಮತ್ತು ಫೀಸು ಕಟ್ಟಿದ ರಸೀದಿ ತೋರಿಸಲು ಹೇಳಿ. 2025ರ ಆಗಸ್ಟ್‌ನಲ್ಲಿ ಬಾರ್ ಕೌನ್ಸಿಲ್ ಮೂರು ವರ್ಷ ಹೊಸ ಕಾನೂನು ಕಾಲೇಜುಗಳಿಗೆ ಅನುಮತಿ ಇಲ್ಲ ಎಂದು ತಡೆ ಹಾಕಿದೆ. ಹಾಗಾಗಿ 'ಈ ವರ್ಷವೇ ಶುರು, ಅನುಮತಿ ಬರುತ್ತಿದೆ' ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅನುಮತಿ ಇಲ್ಲದ ಕೋರ್ಸಿನಲ್ಲಿ ಐದು ವರ್ಷ ಓದಿ, ರಾಜ್ಯ ವಕೀಲರ ಪರಿಷತ್ತಿನ ಮುಂದೆ ನೋಂದಣಿಗೆ ನಿಂತಾಗ ಬಾಗಿಲು ಮುಚ್ಚಿದರೆ, ಕಳೆದ ವರ್ಷಗಳನ್ನು ಯಾರೂ ವಾಪಸ್ ಕೊಡುವುದಿಲ್ಲ.

ಇನ್ನೆರಡು ನಿಯಮ ತಲೆಯಲ್ಲಿರಲಿ. ಕಾನೂನು ಪದವಿಗೆ ನಡುವಿನಲ್ಲಿ ಸೇರುವುದೂ ಇಲ್ಲ, ನಡುವೆ ಬಿಟ್ಟು ಬೇರೆ ಪದವಿ ಪಡೆಯುವುದೂ ಇಲ್ಲ. ಮೂರನೇ ವರ್ಷಕ್ಕೆ ಬಿಟ್ಟರೆ ಬಿಎ ಪದವಿಯಾದರೂ ಕೈಗೆ ಬರುತ್ತದೆ ಎಂದು ಎಣಿಸಬೇಡಿ. ಎರಡನೆಯದು, ದೂರಶಿಕ್ಷಣದಲ್ಲಿ ಮಾಡಿದ ಎಲ್‌ಎಲ್‌ಬಿಯಿಂದ ವಕೀಲರಾಗಲು ಸಾಧ್ಯವಿಲ್ಲ. ವಾರಕ್ಕೆ 30 ಗಂಟೆಯ ಪಾಠ, ಪ್ರತಿ ವಿಷಯಕ್ಕೂ 70% ಹಾಜರಿ ನಿಯಮದಲ್ಲೇ ಇದೆ. 'ಬರದಿದ್ದರೂ ನಡೆಯುತ್ತದೆ, ಪರೀಕ್ಷೆಗೆ ಬಂದರೆ ಸಾಕು' ಎಂದು ಹೇಳುವ ಏಜೆಂಟರ ಮಾತಿಗೆ ಸಿಕ್ಕು ಸೀಟು ಆರಿಸಬೇಡಿ.

ದಿನಾಂಕಗಳ ಹೊಯ್ದಾಟ

ಇಕ್ಕಟ್ಟು ಹುಟ್ಟುವುದು ಕ್ಯಾಲೆಂಡರಿನಿಂದ. ಕ್ಲಾಟ್ ಡಿಸೆಂಬರಿನಲ್ಲಿ ನಡೆಯುತ್ತದೆ, ಸೀಟು ಹಂಚಿಕೆಯ ರೌಂಡುಗಳು ಹಲವು ತಿಂಗಳು ಎಳೆಯುತ್ತವೆ. ಖಾಸಗಿ ವಿಶ್ವವಿದ್ಯಾಲಯಗಳು ದ್ವಿತೀಯ ಪಿಯುಸಿ ಪರೀಕ್ಷೆಗೂ ಮುಂಚೆ ಮುಂಗಡ ಕೇಳುತ್ತವೆ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಪ್ರವೇಶ ಶುರುವಾಗುವುದು ಪಿಯುಸಿ ಫಲಿತಾಂಶದ ಮೇಲೆ. ಅಂದರೆ ಅತಿ ಕಡಿಮೆ ಖರ್ಚಿನ ಸೀಟು ಎಲ್ಲಕ್ಕಿಂತ ಕೊನೆಗೆ ಕಾಣುತ್ತದೆ. ಅಷ್ಟರಲ್ಲಿ ಹೆದರಿ ಒಂದು ಕಡೆ ದೊಡ್ಡ ಮೊತ್ತ ಕಟ್ಟಿಯಾಗಿರುತ್ತದೆ.

ಆದ್ದರಿಂದ ಮುಂಗಡ ಕಟ್ಟುವ ಮುಂಚೆ ಒಂದೇ ಪ್ರಶ್ನೆ: ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ, ಯಾವ ದಿನದ ತನಕ? ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ಆದೇಶದಲ್ಲಿ ಇದಕ್ಕೆ ಮೆಟ್ಟಿಲು ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ತಿ ಹಣ (ಸಂಸ್ಕರಣಾ ವೆಚ್ಚವೆಂದು 5%, ಅದೂ 5000 ರೂಪಾಯಿ ಮೀರದಂತೆ ಹಿಡಿಯಬಹುದು), ಕೊನೆಯ 15 ದಿನಗಳ ಒಳಗೆ ಬಿಟ್ಟರೆ 90%, ಕೊನೆಯ ದಿನ ಕಳೆದು 15 ದಿನದೊಳಗೆ 80%, ಆಮೇಲೆ 30 ದಿನದ ತನಕ 50%, ಅದರಾಚೆ ಏನೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಯುಜಿಸಿ ಇನ್ನೂ ಸಡಿಲ ಮಾಡಿ ಪ್ರತಿ ವರ್ಷ ಸುತ್ತೋಲೆ ಹೊರಡಿಸುತ್ತಿದೆ. ಆ ವರ್ಷದ ಸುತ್ತೋಲೆಯನ್ನು ಮೊಬೈಲಿನಲ್ಲಿ ಇಟ್ಟುಕೊಂಡೇ ಕಚೇರಿಗೆ ಹೋಗಿ. ಮೂಲ ಅಂಕಪಟ್ಟಿ, ಟಿಸಿಗಳನ್ನು ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಎಂಬುದೂ ಯುಜಿಸಿಯ ಮಾತೇ. ಮೂಲ ದಾಖಲೆ ಒಮ್ಮೆ ಒಂದು ಕಾಲೇಜಿನ ಕಪಾಟಿಗೆ ಹೋದರೆ ಎರಡನೇ ಕಾಲೇಜಿಗೆ ಸೇರುವುದೇ ಕಷ್ಟ.

ಕ್ಲಾಟ್ ಹಂಚಿಕೆಯ ಹಣಕ್ಕೆ ಬೇರೆಯೇ ನಿಯಮ, ಅದನ್ನು ಆ ವರ್ಷದ ಕೈಪಿಡಿಯಲ್ಲೇ ಓದಬೇಕು. ಸೀಟು ಬಂದಾಗ ಸಾಮಾನ್ಯವಾಗಿ ಮೂರು ದಾರಿ: ಫ್ರೀಜ್ ಅಂದರೆ ಇದೇ ಸಾಕು, ಫ್ಲೋಟ್ ಅಂದರೆ ಇದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವುದು, ಎಕ್ಸಿಟ್ ಅಂದರೆ ಹೊರಬರುವುದು. ಫ್ಲೋಟ್ ಒತ್ತಿ ಮೇಲಿನ ಸೀಟು ಬಂತೆಂದರೆ ಹಳೆಯದು ತಾನಾಗಿ ಹೋಗುತ್ತದೆ. ಹಾಗಾಗಿ ಆದ್ಯತೆಯ ಪಟ್ಟಿ ತುಂಬುವಾಗಲೇ, ನಿಜವಾಗಿ ಹೋಗಲು ತಯಾರಿಲ್ಲದ ಊರನ್ನು ಮೇಲೆ ಹಾಕಬೇಡಿ. ಸುಮ್ಮನೆ ಇರಲಿ ಎಂದು ಹಾಕಿದ ದೂರದ ಹೆಸರು ಬಂದು, ಕೈಯಲ್ಲಿದ್ದ ಒಳ್ಳೆಯ ಸೀಟು ಜಾರಿಹೋಗುವುದು ಇಲ್ಲೇ.

ಐದು ವರ್ಷದ ದುಡ್ಡು

ಫೀಸಿನ ಪಟ್ಟಿಯಲ್ಲಿ ಕಾಣುವುದು ಒಂದು ವರ್ಷದ ಬೋಧನಾ ಶುಲ್ಕ. ನೀವು ಲೆಕ್ಕ ಹಾಕಬೇಕಾದ್ದು ಹತ್ತು ಸೆಮಿಸ್ಟರಿನ ಪೂರ್ತಿ ಖರ್ಚು: ಬೋಧನೆ, ಪರೀಕ್ಷೆ, ಹಾಸ್ಟೆಲ್, ಮೆಸ್, ವರ್ಷಕ್ಕೆ ನಾಲ್ಕು ಸಲ ಊರಿಗೆ ಬಂದುಹೋಗುವ ರೈಲು, ಲ್ಯಾಪ್‌ಟಾಪ್, ಕಪ್ಪು ಕೋಟು, ಇಂಟರ್ನ್‌ಶಿಪ್ಪಿಗೆ ಬೇರೆ ಊರಿನಲ್ಲಿ ತಿಂಗಳಿರುವ ಖರ್ಚು. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ, ಪದವಿಯ ನಂತರ ಓದುವ ಮೂರು ವರ್ಷದ್ದಕ್ಕೆ 12 ವಾರ ಇಂಟರ್ನ್‌ಶಿಪ್ ಕಡ್ಡಾಯ. ಸಂಬಳ ಸಿಗುವುದು ಅಪರೂಪ. ಫೀಸು ವರ್ಷ ವರ್ಷ ಏರುತ್ತದೆಯೇ ಎಂದು ಕೇಳಿ. 'ಏರಬಹುದು' ಎಂದರೆ ವರ್ಷಕ್ಕೆ 8% ಸೇರಿಸಿಕೊಂಡೇ ಲೆಕ್ಕ ಬರೆಯಿರಿ.

ಸಾಲ ಮಾಡಿ ಓದುವುದಾದರೆ ಈ ಒಂದು ಲೆಕ್ಕವನ್ನು ನಿಧಾನವಾಗಿ ನೋಡಿ. ವರ್ಷಕ್ಕೆ 2,40,000 ರೂಪಾಯಿಯಂತೆ ಐದು ವರ್ಷಕ್ಕೆ 12 ಲಕ್ಷ ಸಾಲ, ಬಡ್ಡಿ 10%, ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರು ಎಂದಿಟ್ಟುಕೊಳ್ಳಿ. ಮೊದಲ ವರ್ಷ ತೆಗೆದ ಹಣಕ್ಕೆ ಆರು ವರ್ಷದ ಬಡ್ಡಿ 1,44,000. ಎರಡನೇ ವರ್ಷದ್ದಕ್ಕೆ 1,20,000, ಮೂರನೆಯದಕ್ಕೆ 96,000, ಆಮೇಲೆ 72,000 ಮತ್ತು 48,000. ಸರಳ ಬಡ್ಡಿಯಲ್ಲೇ 4,80,000 ಆಯಿತು. ನಡುವೆ ಬಡ್ಡಿ ಕಟ್ಟದಿದ್ದರೆ ಕಂತು ಶುರುವಾಗುವ ದಿನ ಸಾಲ 16,80,000. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 22,200 ರೂಪಾಯಿ ಕಂತು ಬರುತ್ತದೆ.

ಇದನ್ನು ಇನ್ನೊಂದು ಅಂಕಿಯ ಪಕ್ಕ ಇಡಿ. 2024ರ ಅಕ್ಟೋಬರ್‌ನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಜೂನಿಯರ್ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಹಿರಿಯ ವಕೀಲರಿಗೆ ಶಿಫಾರಸು ಮಾಡಿತು. ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ. ತಾಲೂಕು ಕೋರ್ಟಿನಲ್ಲಿ ಜೂನಿಯರ್ ಆಗಿ ನಿಲ್ಲುವವರು 22,200ರ ಕಂತು ಕಟ್ಟಲು ಸಾಧ್ಯವಿಲ್ಲ. ಅಂಥ ಸಾಲ ಹೊತ್ತ ವಿದ್ಯಾರ್ಥಿ ಬೇಡದಿದ್ದರೂ ಕಂಪನಿ ಕೆಲಸಕ್ಕೇ ಹೋಗಬೇಕಾಗುತ್ತದೆ. ವಕೀಲಿ ಮಾಡಬೇಕು, ನ್ಯಾಯಾಧೀಶರಾಗಬೇಕು ಎಂಬ ಆಸೆ ಇರುವ ಮಗುವಿಗೆ ಇಂಥ ಸಾಲದ ಸೀಟು ಕೊಡಿಸುವುದೆಂದರೆ ಆ ಆಸೆಯ ದಾರಿಯನ್ನೇ ಮುಚ್ಚಿದಂತೆ.

ಸಾಲವೇ ಬೇಡ ಎಂದಲ್ಲ. ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ 3% ಬಡ್ಡಿ ರಿಯಾಯಿತಿ ಇದೆ. ನಿಮಗೆ ಬಂದಿರುವ ಸೀಟಿನ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ, ಲಕ್ಷಗಳ ವ್ಯತ್ಯಾಸ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಅಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಹಾಕಬೇಕು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಆಧಾರಿನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೇ ತಿಂಗಳಲ್ಲೇ ಸರಿ ಮಾಡಿಸಿ. ಹೊರರಾಜ್ಯದ ಸೀಟಿಗೆ ನಿಮ್ಮ ವರ್ಗದ ವಿದ್ಯಾರ್ಥಿವೇತನ ಅನ್ವಯಿಸುತ್ತದೆಯೇ ಎಂಬುದನ್ನು ಸಂಬಂಧಪಟ್ಟ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿದ ಮೇಲೆಯೇ ಖರ್ಚಿನ ಲೆಕ್ಕದಲ್ಲಿ ಕಳೆಯಿರಿ.

ನಮ್ಮ ಭಾಗದ ಹಕ್ಕಿನ ಕಾಗದಗಳು

ಸಂವಿಧಾನದ 371ಜೆ ವಿಧಿಯಿಂದ ಕಲ್ಯಾಣ ಕರ್ನಾಟಕದವರಿಗೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ 70%, ರಾಜ್ಯದ ಉಳಿದ ಕಡೆ 8% ಸೀಟು ಮೀಸಲು. ಇದಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಕಲಬುರಗಿಯಲ್ಲಿ ಹುಟ್ಟಿದ್ದೇನೆ ಎಂದು ಹೇಳಿದರೆ ಯಾರೂ ಕೊಡುವುದಿಲ್ಲ. ಜನನ ಪ್ರಮಾಣಪತ್ರ, ವ್ಯಾಸಂಗದ ದಾಖಲೆ, ತಂದೆ-ತಾಯಿಯ ದಾಖಲೆ ಜೋಡಿಸಿ ಅರ್ಜಿ ಹಾಕಬೇಕು. ಫಲಿತಾಂಶ ಬಂದ ವಾರ ಎಲ್ಲರೂ ಒಮ್ಮೆಲೇ ಹೋಗುತ್ತಾರೆ. ಫೆಬ್ರವರಿಯಲ್ಲೇ ಮಾಡಿಸಿಟ್ಟುಕೊಳ್ಳಿ.

ಕ್ಲಾಟ್ ಸೀಟಿಗೆ ಈ ಕಾಗದ ನಡೆಯುವುದಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ 25% ಸಮತಲ ಮೀಸಲಾತಿ (ಪ್ರತಿ ವರ್ಗದ ಸೀಟಿನ ಒಳಗೂ ಅನ್ವಯಿಸುವಂಥದ್ದು) ಇದೆ, ಅದಕ್ಕೆ ಕರ್ನಾಟಕದ ಶಾಲೆ-ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಗಡಿಯ ಮನೆಗಳಿಗೆ ಪೆಟ್ಟು ಬೀಳುವುದು ಇಲ್ಲೇ. ಬೀದರ್ ಜಿಲ್ಲೆಯ ಮಕ್ಕಳು ಕೆಲವು ವರ್ಷ ಉದಗೀರಿನಲ್ಲೋ ಜಹೀರಾಬಾದಿನಲ್ಲೋ ಓದಿರುತ್ತಾರೆ, ಪಿಯುಸಿಯ ಬದಲು ಹೈದರಾಬಾದಿನಲ್ಲಿ ಇಂಟರ್ ಮಾಡಿರುತ್ತಾರೆ. ಒಂದನೇ ತರಗತಿಯಿಂದ ವರ್ಷ ಎಣಿಸಿ ನೋಡಿ, ಹತ್ತು ತುಂಬಿದರೆ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ತನ್ನಿ. ಬೇಸಿಗೆ ರಜೆಯಲ್ಲಿ ಶಾಲೆ ಬಾಗಿಲು ಹಾಕಿರುತ್ತದೆ.

ಮತ್ತೊಂದು ಎಡವುವ ಜಾಗ ಜಾತಿ ಪ್ರಮಾಣಪತ್ರ. ರಾಜ್ಯದ 2ಎ, 3ಬಿ ಪಟ್ಟಿ ಬೇರೆ, ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ. ಮನೆಯಲ್ಲಿ 3ಬಿ ಕಾಗದ ಇದ್ದ ಮಾತ್ರಕ್ಕೆ ಕ್ಲಾಟ್ ಅರ್ಜಿಯಲ್ಲಿ ಒಬಿಸಿ ಎಂದು ಗುರುತು ಹಾಕಿದರೆ, ದಾಖಲೆ ಪರಿಶೀಲನೆಯ ದಿನ ಸೀಟು ರದ್ದಾಗಬಹುದು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರ ಮಾಡಿಸಿ.

ಯಾವ ಕೋರ್ಟಿನಲ್ಲಿ ನಿಲ್ಲುತ್ತೀರಿ

ಇಲ್ಲಿಗೆ ಮುಖ್ಯ ಮಾತಿಗೆ ಬಂದೆವು. ಕಲಬುರಗಿಯಲ್ಲಿ ಹೈಕೋರ್ಟ್ ಸಂಚಾರಿ ಪೀಠ 2008ರ ಜುಲೈನಲ್ಲಿ ಶುರುವಾಯಿತು, 2013ರ ಆಗಸ್ಟ್‌ನಲ್ಲಿ ಕಾಯಂ ಪೀಠವಾಯಿತು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಪ್ರಕರಣಗಳು ಇಲ್ಲಿಗೆ ಬರುತ್ತವೆ. ರಾಜ್ಯ ಆಡಳಿತ ನ್ಯಾಯಮಂಡಳಿಯ ಪೀಠವೂ ಇದೇ ಊರಿನಲ್ಲಿದೆ, ಜಿಲ್ಲಾ ನ್ಯಾಯಾಲಯವಂತೂ ಇದ್ದೇ ಇದೆ. ಒಂದೇ ಊರಿನಲ್ಲಿ ಸಾಕ್ಷಿ ವಿಚಾರಣೆಯಿಂದ ಹಿಡಿದು ರಿಟ್ ಅರ್ಜಿಯ ತನಕ ಎಲ್ಲವನ್ನೂ ಕಣ್ಣಾರೆ ನೋಡುವ ಅವಕಾಶ ರಾಜ್ಯದಲ್ಲಿ ಬೆಂಗಳೂರು, ಧಾರವಾಡ ಬಿಟ್ಟರೆ ಇಲ್ಲಿ ಮಾತ್ರ. ಓದುವಾಗ ವಿಚಾರಣಾ ಮತ್ತು ಮೇಲ್ಮನವಿ ಎರಡೂ ಬಗೆಯ ವಕೀಲರ ಬಳಿ ಒಮ್ಮೆಯಾದರೂ ಇಂಟರ್ನ್‌ಶಿಪ್ ಮಾಡಿರಬೇಕು ಎಂದು ಬಾರ್ ಕೌನ್ಸಿಲ್ ನಿಯಮ ಹೇಳುತ್ತದೆ. ಕಲಬುರಗಿಯ ವಿದ್ಯಾರ್ಥಿಗೆ ಇದು ಬಸ್ ಚಾರ್ಜಿನಲ್ಲಿ ಮುಗಿಯುವ ಕೆಲಸ.

ಸಿವಿಲ್ ನ್ಯಾಯಾಧೀಶರಾಗುವ ಗುರಿ ಇದ್ದರೆ ಇನ್ನೊಂದು ಸಂಗತಿ ಆಯ್ಕೆಯನ್ನೇ ಬದಲಿಸಬಹುದು. 2025ರ ಮೇ 20ರಂದು ಸುಪ್ರೀಂ ಕೋರ್ಟ್, ಕೆಳಹಂತದ ನ್ಯಾಯಾಂಗ ಸೇವೆಗೆ ಸೇರಲು ಮೂರು ವರ್ಷ ವಕೀಲಿ ಮಾಡಿರಬೇಕು ಎಂಬ ಷರತ್ತನ್ನು ಮತ್ತೆ ತಂದಿತು. ರಾಜ್ಯ ವಕೀಲರ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿಯಾದ ದಿನದಿಂದ ಲೆಕ್ಕ, ಹತ್ತು ವರ್ಷ ಅನುಭವವಿರುವ ವಕೀಲರ ದೃಢೀಕರಣಕ್ಕೆ ನ್ಯಾಯಾಂಗ ಅಧಿಕಾರಿಯ ಸಹಿ ಬೇಕು. ಹಾಗಾದರೆ ಪದವಿ ಮುಗಿದ ಕೂಡಲೇ ಕೂತು ಓದಿ ಜಡ್ಜ್ ಆಗುವ ಹಳೆಯ ದಾರಿ ಈ ತೀರ್ಪಿನ ಮುಂದೆ ನಿಲ್ಲುವುದಿಲ್ಲ. ಆ ಮೂರು ವರ್ಷ ನಿಮ್ಮನ್ನು ಕೂರಿಸಿಕೊಂಡು ಕಲಿಸುವ ಹಿರಿಯರು ಎಲ್ಲಿದ್ದಾರೆ? ಸೇಡಂ, ಹುಮನಾಬಾದ್, ಶಹಾಪುರದ ವಿದ್ಯಾರ್ಥಿಗೆ ಅವರು ತಾಲೂಕು ಕೋರ್ಟಿನಲ್ಲಿ, ಜಿಲ್ಲಾ ಕೋರ್ಟಿನಲ್ಲಿ, ಕಲಬುರಗಿ ಪೀಠದಲ್ಲಿ ಇದ್ದಾರೆ. ಓದುವಾಗಲೇ ರಜೆಯಲ್ಲಿ ಅವರ ಕಚೇರಿಗೆ ಹೋಗಿಬಂದವರಿಗೆ ನೋಂದಣಿಯ ಮರುದಿನದಿಂದ ಕಡತ ಸಿಗುತ್ತದೆ. ಐದು ವರ್ಷ ದೂರವಿದ್ದು ಬಂದವರು ಪರಿಚಯದಿಂದ ಶುರುಮಾಡಬೇಕು.

ಆದರೆ ದೊಡ್ಡ ಲಾ ಫರ್ಮು, ಕಂಪನಿ, ಸುಪ್ರೀಂ ಕೋರ್ಟ್, ವಿದೇಶದಲ್ಲಿ ಉನ್ನತ ಓದು, ಕಾನೂನು ಸಂಶೋಧನೆ ಗುರಿಯಾಗಿದ್ದರೆ ಮಾತೇ ಬೇರೆ. ಅಲ್ಲಿ ಮುಂಚೂಣಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಸೀಟು ನಿಜಕ್ಕೂ ಬಾಗಿಲು ತೆರೆಯುತ್ತದೆ. ಬೆಂಗಳೂರಿನ ಲಾ ಸ್ಕೂಲ್, ಹೈದರಾಬಾದ್ ಹತ್ತಿರ ಶಾಮೀರ್‌ಪೇಟೆಯಲ್ಲಿರುವ ನಲ್ಸಾರ್ ಸೀಟು ಸಿಕ್ಕಿದ್ದರೆ, ಊರು ದೂರ, ಮಗಳು ಒಬ್ಬಳೇ ಎಂಬ ಕಾರಣಕ್ಕೆ ಬಿಡಬೇಡಿ. ಬೀದರಿನವರಿಗೆ ಹೈದರಾಬಾದ್ ಸುಮಾರು 140 ಕಿ.ಮೀ., ಬೆಂಗಳೂರು ಅದರ ನಾಲ್ಕೈದು ಪಟ್ಟು. ರಾಷ್ಟ್ರೀಯ ವಿಶ್ವವಿದ್ಯಾಲಯ ಎಂಬ ಹೆಸರೊಂದೇ ಸಾಲದು, ಹಳೆಯವಕ್ಕೂ ಹೊಸದಾಗಿ ಹುಟ್ಟಿದವಕ್ಕೂ ಅಧ್ಯಾಪಕರು, ಗ್ರಂಥಾಲಯ, ಕೆಲಸದ ಅವಕಾಶ ಎಲ್ಲದರಲ್ಲೂ ಅಂತರವಿದೆ. ಪ್ಲೇಸ್‌ಮೆಂಟ್ ವರದಿ ಕೇಳಿದರೆ ಅತಿ ಹೆಚ್ಚಿನ ಸಂಬಳ ತೋರಿಸುತ್ತಾರೆ. ನೀವು ಕೇಳಬೇಕಾದ್ದು ಬ್ಯಾಚಿನಲ್ಲಿ ಎಷ್ಟು ಜನ, ಕೆಲಸ ಬೇಕೆಂದವರು ಎಷ್ಟು, ಸಿಕ್ಕಿದ್ದು ಎಷ್ಟು ಮಂದಿಗೆ, ಸಂಬಳದ ಪ್ರಕಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಬಳ ಎಷ್ಟು.

ಊರಿನ ಕಾಲೇಜಿಗೂ ದೂರದ ಸಾಧಾರಣ ಖಾಸಗಿ ವಿಶ್ವವಿದ್ಯಾಲಯಕ್ಕೂ ನಡುವೆ ಆಯ್ಕೆ ಬಂದಾಗ, ವಕೀಲಿ ಗುರಿಯಾಗಿದ್ದರೆ ಊರಿನ ಕಾಲೇಜೇ ಮೇಲು. ಉಳಿದ ಹಣದಲ್ಲಿ ಮೊದಲ ಮೂರು ವರ್ಷದ ವಕೀಲಿಯನ್ನು ನಿಶ್ಚಿಂತೆಯಿಂದ ಕಳೆಯಬಹುದು, ನಾಲ್ಕು ಒಳ್ಳೆಯ ಪುಸ್ತಕ ಕೊಳ್ಳಬಹುದು.

ಸೊಲ್ಲಾಪುರ, ಲಾತೂರ್, ಹೈದರಾಬಾದಿನ ಸಾಮಾನ್ಯ ಕಾಲೇಜುಗಳ ಬಗ್ಗೆ ಚಿಕ್ಕ ಎಚ್ಚರಿಕೆ. ಅಲ್ಲಿಗೆ ಆಯಾ ರಾಜ್ಯದ ಪ್ರವೇಶ ಪರೀಕ್ಷೆ ಬೇಕು, ಹೊರಗಿನವರಿಗೆ ಸೀಟು ಕಡಿಮೆ, ಕೋರ್ಟಿನ ಭಾಷೆ ಮರಾಠಿ ಅಥವಾ ತೆಲುಗು. ವಾಪಸ್ ಬಂದು ಇಲ್ಲಿ ವಕೀಲಿ ಮಾಡುವುದಿದ್ದರೆ ಕರ್ನಾಟಕದ ಭೂಸುಧಾರಣೆ, ಭೂಕಂದಾಯ, ಬಾಡಿಗೆ ಕಾಯ್ದೆಗಳನ್ನು ಸ್ವಂತವಾಗಿ ಓದಿಕೊಳ್ಳಬೇಕು.

ಕನ್ನಡ ಮಾಧ್ಯಮದವರು ಗಮನಿಸಬೇಕಾದ್ದು

ರಾಜ್ಯ ಕಾನೂನು ವಿಶ್ವವಿದ್ಯಾಲಯದ ಮೂರು ವರ್ಷದ ಎಲ್‌ಎಲ್‌ಬಿ ಪ್ರಶ್ನೆಪತ್ರಿಕೆ ಇಂಗ್ಲಿಷ್, ಕನ್ನಡ ಎರಡರಲ್ಲೂ ಇರುತ್ತದೆ. ಉತ್ತರವನ್ನು ಪೂರ್ತಿಯಾಗಿ ಒಂದೇ ಭಾಷೆಯಲ್ಲಿ ಬರೆಯಬೇಕು, ಬೆರೆಸುವಂತಿಲ್ಲ. ಐದು ಘಟಕ, ಪ್ರತಿ ಘಟಕದಿಂದ ಒಂದು ಪ್ರಬಂಧ ಮಾದರಿಯ ಉತ್ತರ ಮತ್ತು ಒಂದು ಟಿಪ್ಪಣಿ ಅಥವಾ ಸಮಸ್ಯೆ. ಐದು ವರ್ಷದ ಕೋರ್ಸಿಗೆ ಭಾಷೆಯ ನಿಯಮ ಏನೆಂದು ಸೇರುವ ಮುಂಚೆಯೇ ಕಾಲೇಜಿನಲ್ಲಿ ಕೇಳಿ. ಇಂಗ್ಲಿಷಿನಲ್ಲಿ ಬರೆಯಲು ಇನ್ನೂ ಅಂಜುವ ವಿದ್ಯಾರ್ಥಿ, ಮೊದಲು ಬಿಎ ಅಥವಾ ಬಿಕಾಂ ಮುಗಿಸಿ ಮೂರು ವರ್ಷದ ಕೋರ್ಸಿಗೆ ಬರುವುದು ಒಳ್ಳೆಯ ದಾರಿಯೇ, ಸೋಲಲ್ಲ. ಒಟ್ಟು ಒಂದೇ ವರ್ಷ ಹೆಚ್ಚು. ಪದವಿಯ ನಂತರ ಬೆಂಗಳೂರಿನ ಲಾ ಸ್ಕೂಲಿನ ಮೂರು ವರ್ಷದ ಕೋರ್ಸಿಗೂ ಪ್ರವೇಶ ಪರೀಕ್ಷೆ ಬರೆಯಬಹುದು, ಅದು 2022ರಲ್ಲಿ ಶುರುವಾಯಿತು.

ತಯಾರಿ ಇದೆಯೇ ಎಂದು ಅಳೆಯುವ ಬಗೆ ಹೀಗೆ. 450 ಪದಗಳ ಇಂಗ್ಲಿಷ್ ಸಂಪಾದಕೀಯ ಒಂದನ್ನು ಓದಿ, ಪತ್ರಿಕೆ ಮಡಚಿಟ್ಟು, ವಾದವೇನು ಎಂದು ಐದು ಸಾಲಿನಲ್ಲಿ ಬರೆಯಿರಿ. ಹತ್ತು ದಿನ ದಿನಕ್ಕೊಂದರಂತೆ ಮಾಡಿ. ಏಳೆಂಟು ಸಲ ವಾದ ಸರಿಯಾಗಿ ಸಿಕ್ಕರೆ ಇಂಗ್ಲಿಷ್ ಕ್ಯಾಂಪಸ್ಸಿಗೆ ಹೆದರಬೇಕಿಲ್ಲ, ವ್ಯಾಕರಣವನ್ನು ಆಮೇಲೆ ತಿದ್ದಿಕೊಳ್ಳಬಹುದು.

ಕನ್ನಡ ನಿಮ್ಮ ಬಲ ಎಂಬುದನ್ನೂ ಮರೆಯಬೇಡಿ. ಕೆಳ ನ್ಯಾಯಾಲಯದ ಸಾಕ್ಷಿ, ದಾವೆ ಕನ್ನಡದಲ್ಲಿ ನಡೆಯುತ್ತವೆ, ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲಿ ಅನುವಾದದ ಪತ್ರಿಕೆ ಇದೆ, ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಹೈಕೋರ್ಟ್ ಪೀಠದ ಅರ್ಜಿಗೆ ಮಾತ್ರ ಇಂಗ್ಲಿಷ್ ಬೇಕೇ ಬೇಕು. ಮನೆಯಲ್ಲಿ ಉರ್ದು ಓದಲು ಬರುವವರಿದ್ದರೆ ಅದನ್ನೂ ಕಲಿತುಕೊಳ್ಳಿ. ಈ ಜಿಲ್ಲೆಗಳ ಜಮೀನಿನ ವ್ಯಾಜ್ಯದಲ್ಲಿ ನಿಜಾಮರ ಕಾಲದ ಉರ್ದು ದಾಖಲೆ ಎದುರಾದಾಗ, ಅದನ್ನು ತಾನೇ ಓದಬಲ್ಲ ಯುವ ವಕೀಲನಿಗೆ ಇರುವ ಬೆಲೆ ಬೇರೆ.

ಹೋಗಿ ನೋಡಿ

ಬ್ರೋಷರ್ ನೋಡಿ ತೀರ್ಮಾನ ಮಾಡಬೇಡಿ. ಸೆಮಿಸ್ಟರ್ ನಡೆಯುತ್ತಿರುವಾಗ, ವಾರದ ನಡುವೆ, ಬೆಳಿಗ್ಗೆ 11ಕ್ಕೆ ಹೇಳದೆ ಹೋಗಿ. ಮೊದಲು ಗ್ರಂಥಾಲಯ. ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿವೆ. ಕಪಾಟಿನಲ್ಲಿ ಇವುಗಳ ಪುಸ್ತಕ ಎಷ್ಟಿವೆ, ಇನ್ನೂ ದಂಡ ಸಂಹಿತೆಯ ಹಳೆಯ ಪ್ರತಿಗಳೇ ಇವೆಯೇ ನೋಡಿ. ಒಂದು ಪುಸ್ತಕ ತೆಗೆದು ಹಿಂದಿನ ರಟ್ಟು ತೆರೆಯಿರಿ, ಅಲ್ಲಿ ಅಂಟಿಸಿದ ಚೀಟಿಯಲ್ಲಿ ದಿನಾಂಕದ ಮೊಹರುಗಳಿರುತ್ತವೆ. ಕೊನೆಯ ಮೊಹರು ಕಳೆದ ತಿಂಗಳದ್ದಾದರೆ ಇಲ್ಲಿ ಓದುವವರಿದ್ದಾರೆ. ಎರಡು-ಮೂರು ಪುಸ್ತಕದಲ್ಲೂ ಕೊನೆಯ ಮೊಹರು ನಾಲ್ಕು ವರ್ಷ ಹಳೆಯದಾದರೆ ಕಪಾಟು ತಪಾಸಣೆಗೆ ಬರುವವರಿಗಾಗಿ ಇಟ್ಟದ್ದು. ತೀರ್ಪು ಹುಡುಕುವ ಎಸ್‌ಸಿಸಿ ಆನ್‌ಲೈನ್ ಅಥವಾ ಮನುಪಾತ್ರದ ಚಂದಾ ಇದೆ ಎಂದರೆ, ವಿದ್ಯಾರ್ಥಿಗಳು ಬಳಸುವ ಕಂಪ್ಯೂಟರಿನಲ್ಲಿ ತೆರೆದು ತೋರಿಸಲು ಕೇಳಿ.

ವಿದ್ಯಾರ್ಥಿಗಳು ಅಣಕು ವಾದ ಮಾಡುವ ಮೂಟ್ ಕೋರ್ಟ್ ಹಾಲಿನ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿದರೆ ಸಾಕು. ಬೀಗದ ಕೈ ಹುಡುಕಲು ಕಾಲು ಗಂಟೆ ಬೇಕಾದರೆ ಉತ್ತರ ಸಿಕ್ಕಂತೆಯೇ. ಆಮೇಲೆ ನಾಲ್ಕನೇ, ಐದನೇ ವರ್ಷದ ಇಬ್ಬರು-ಮೂವರನ್ನು ಕಾಲೇಜಿನ ಹೊರಗೆ, ಚಹಾದ ಅಂಗಡಿಯಲ್ಲಿ ಮಾತಾಡಿಸಿ. ಕಳೆದ ಸೆಮಿಸ್ಟರಿನ ಪರೀಕ್ಷೆ ಯಾವಾಗ ಮುಗಿಯಿತು, ಫಲಿತಾಂಶ ಯಾವಾಗ ಬಂತು, ಸಿವಿಲ್ ಪ್ರಕ್ರಿಯಾ ಸಂಹಿತೆಯ ಪಾಠಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ, ಇಂಟರ್ನ್‌ಶಿಪ್ ಡೈರಿಗೆ ಕೆಲಸ ಮಾಡದೆಯೇ ಸಹಿ ಸಿಗುತ್ತದೆಯೇ. ಸುಲಭವಾಗಿ ಸಹಿ ಸಿಗುವ ಕಾಲೇಜಿನಲ್ಲಿ ನೀವೇ ಎಚ್ಚರ ವಹಿಸಿ ಕಲಿಯಬೇಕಾಗುತ್ತದೆ.

ಯಾದಗಿರಿಯಿಂದ ಕಲಬುರಗಿಗೆ ದಿನಾ ರೈಲಿನಲ್ಲಿ ಓಡಾಡುವ ಯೋಚನೆ ಇದ್ದರೆ ಹಾಜರಿಯ ಲೆಕ್ಕ ಮೊದಲೇ ಹಾಕಿ. ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ 60 ತರಗತಿ ನಡೆದರೆ 42ರಲ್ಲಿ ಇರಲೇಬೇಕು, ತಪ್ಪಿಸಲು ಸಿಗುವುದು 18. ಬೆಳಗಿನ ರೈಲು ತಡವಾಗಿ ಮೊದಲ ತರಗತಿ ವಾರಕ್ಕೆ ಎರಡು ಸಲ ತಪ್ಪಿದರೂ ಒಂಬತ್ತು ವಾರದಲ್ಲಿ ಆ 18 ಮುಗಿಯುತ್ತವೆ. ವೇಳಾಪಟ್ಟಿ ಕೇಳಿ, ಮೊದಲ ತರಗತಿ ಎಷ್ಟಕ್ಕೆ ಎಂದು ನೋಡಿ, ಆಮೇಲೆ ಪಾಸ್ ಮಾಡಿಸುವುದೋ ಹಾಸ್ಟೆಲ್ ಹಿಡಿಯುವುದೋ ತೀರ್ಮಾನಿಸಿ.

ತೀರ್ಮಾನವಾದ ಮೇಲೆ

ಒಂದು ಹಾಳೆಯಲ್ಲಿ ಪ್ರತಿ ಸೀಟಿನ ಮುಂದೆ ನಾಲ್ಕು ಅಂಕಿ ಬರೆಯಿರಿ: ಐದು ವರ್ಷದ ಪೂರ್ತಿ ಖರ್ಚು, ಅದರಲ್ಲಿ ಸಾಲ ಎಷ್ಟು, ತಿಂಗಳ ಕಂತು, ಮೊದಲ ಮೂರು ವರ್ಷ ನಿಜವಾಗಿ ಬರಬಹುದಾದ ದುಡಿಮೆ. ಕಂತು ದುಡಿಮೆಯ ಮೂರನೇ ಒಂದು ಭಾಗ ಮೀರಿದ ಸೀಟಿಗೆ ಅಡ್ಡಗೆರೆ ಹಾಕಿ. ಉಳಿದವುಗಳಲ್ಲಿ ನಿಮ್ಮ ಗುರಿಗೆ ಹತ್ತಿರವಿರುವುದನ್ನು ಹಿಡಿಯಿರಿ. ಅಪ್ಪ, ಅವ್ವ, ಓದುವವರು ಮೂವರೂ ಒಟ್ಟಿಗೆ ಕೂತು ಆ ಹಾಳೆ ನೋಡಬೇಕು. ಮನೆಯ ಹೊಲದ ಮೇಲೆ ಸಾಲ ಎತ್ತುವ ಮಾತು ಮಗುವಿಗೆ ಗೊತ್ತಿಲ್ಲದಂತೆ ನಡೆಯುವುದು ಒಳ್ಳೆಯದಲ್ಲ.

ಸೇರುವ ಕಾಲೇಜಿನಲ್ಲಿ ಪ್ರತಿ ಪಾವತಿಗೂ ಸಂಸ್ಥೆಯ ಹೆಸರಿನ ರಸೀದಿ ಪಡೆಯಿರಿ, ವ್ಯಕ್ತಿಯ ಖಾತೆಗೆ ಹಣ ಹಾಕಬೇಡಿ. ಬಿಡುವ ಕಡೆಗೆ ಅದೇ ದಿನ ಇಮೇಲ್ ಕಳಿಸಿ: ಅರ್ಜಿ ಸಂಖ್ಯೆ, ಕಟ್ಟಿದ ಮೊತ್ತ, ಪಾವತಿಯ ದಿನಾಂಕ, ಪ್ರವೇಶ ರದ್ದು ಮಾಡಿ ಎಂಬ ಒಂದು ಸಾಲು, ಹಣ ವಾಪಸ್ ಹಾಕಬೇಕಾದ ಖಾತೆಯ ವಿವರ. ಫೋನಿನಲ್ಲಿ ಹೇಳಿದ್ದಕ್ಕೆ ದಿನಾಂಕದ ಸಾಕ್ಷಿ ಇರುವುದಿಲ್ಲ, ವಾಪಸಾತಿಯ ಶೇಕಡಾವಾರು ನಿಂತಿರುವುದು ಆ ದಿನಾಂಕದ ಮೇಲೆಯೇ. 15 ದಿನ ಕಾದು ನೋಡಿ, ಉತ್ತರ ಬರದಿದ್ದರೆ ಅದೇ ಇಮೇಲ್ ಮತ್ತು ರಸೀದಿ ಜೋಡಿಸಿ ಯುಜಿಸಿಯ ಇ-ಸಮಾಧಾನ್ ಪೋರ್ಟಲಿನಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ರಸೀದಿಯ ಹಿಂದೆಯೇ ಬರೆದಿಡಿ.